ಕಲ್ಲಿಗಂಟುವ ಮೀನು ಮತ್ತು ಗಾಜಿನ ತೊಟ್ಟಿ



ಮಳೆಗಾಲ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ, ಮೊಣಕಾಲುದ್ದದ ಹರಿವಿನಲ್ಲಿರುವ ಒಂದು ಬಂಡೆಯನ್ನು ಅಲ್ಲಾಡದೆ ಹತ್ತು ನಿಮಿಷ ನೋಡಿದವರಿಗೆ ಬಂಡೆಯ ಒಂದು ಚೂರು ಸರಕ್ಕನೆ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಅದು ಮೀನು. ಬೆರಳುದ್ದವೂ ಇರದ ಈ ಜೀವಿಯನ್ನು ಮಲೆನಾಡಿನಲ್ಲಿ ಯಾರೂ ಅಡುಗೆಗೆಂದು ಅರಸುವುದಿಲ್ಲವಾದ್ದರಿಂದ ಅದರ ಬಗ್ಗೆ ತಿಳಿವಳಿಕೆಯೂ ಕಡಿಮೆ. ಅಲಂಕಾರಿಕ ಮೀನಿನ ಅಂಗಡಿಗಳಲ್ಲಿ ಮಾತ್ರ ‘ಹಿಲ್‌ಸ್ಟ್ರೀಮ್ ಲೋಚ್’ ಎಂಬ ಹೆಸರಿನಲ್ಲಿ ಇದಕ್ಕೆ ಬೆಲೆಯಿದೆ. ಗಾಜಿನ ತೊಟ್ಟಿಯಲ್ಲಿ ಇದನ್ನು ಸಾಕಬಹುದೇ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಂದ ಬರುವುದು ಸಹಜ. ಸಾಕಬಹುದು. ಆದರೆ ಸಾಕಬೇಕಾದುದು ಮೀನನ್ನಲ್ಲ, ಹರಿವನ್ನು.

ಮೊದಲು ಗುರುತಿನ ಮಾತು. ರಭಸದ ನೀರಿನಲ್ಲಿ ಈ ಮೀನು ಕೊಚ್ಚಿಹೋಗದಿರುವುದಕ್ಕೆ ಅದರ ಮೈಕಟ್ಟೇ ಕಾರಣ. ಹೊಟ್ಟೆ ಚಪ್ಪಟೆ, ಬೆನ್ನು ಇಳಿಜಾರು. ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳು ಬೀಸಣಿಗೆಯಂತೆ ಅಡ್ಡಲಾಗಿ ಹರಡಿರುತ್ತವೆ. ಆ ರೆಕ್ಕೆಗಳ ಅಡಿಭಾಗದಲ್ಲಿ ಕಲ್ಲನ್ನು ಕಚ್ಚಿ ಹಿಡಿಯುವ ಒರಟು ಮೆತ್ತೆಗಳಿವೆ. ಉಳಿದ ಮೀನುಗಳನ್ನು ತೇಲಿಸುವ ಗಾಳಿಚೀಲ ಇವುಗಳಲ್ಲಿ ತೀರ ಕುಗ್ಗಿದೆ. ತೇಲುವುದೇ ಅಪಾಯವಾದ ಜಾಗದಲ್ಲಿ ತೇಲುವ ಅಂಗಕ್ಕೇನು ಕೆಲಸ? ಹೊಳೆಯ ರಭಸವು ಪ್ರಾಣಿಗಳ ಆಕಾರವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಜೀವಮಾನವಿಡೀ ಅಭ್ಯಸಿಸಿದ ಸುಂದರಲಾಲ್ ಹೋರಾ ಅವರು 1941ರಲ್ಲಿ ಇಂಥ ಒಂದು ಮೀನಿಗೆ ಬಾಲಿಟೋರಾ ಮೈಸೂರೆನ್ಸಿಸ್ ಎಂದು ಹೆಸರಿಟ್ಟರು. ಕಾಳಿ ನದಿಯ ಅದರ ಸೋದರ ಪ್ರಭೇದಕ್ಕೆ ಹೆಸರು ದೊರೆತದ್ದು 2016ರಲ್ಲಿ, ಬಾಲಿಟೋರಾ ಚಿಪ್ಕಲಿ ಎಂದು. ಚಿಪ್ಕಲಿಯೆಂದರೆ ಹಲ್ಲಿ. ಗೋಡೆಯ ಹಲ್ಲಿಯನ್ನು ನೋಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ.

ಬಾಲಿಟೋರಾ ಮತ್ತು ಭವಾನಿಯಾ ಒಂದು ಕುಟುಂಬದವು. ಅದೇ ಹಳ್ಳದಲ್ಲಿ ಕಲ್ಲಿನ ಸಂದಿಗಳಲ್ಲಿ, ಮರಳಿನ ಮೇಲೆ ಕಾಣುವ ಷಿಸ್ಟೂರಾಗಳು ಇನ್ನೊಂದು ಕುಟುಂಬದವು. ಇವುಗಳ ಮೈ ದುಂಡಗಿದ್ದು ಅಡ್ಡಪಟ್ಟೆಗಳಿರುತ್ತವೆ, ಬಾಯಿಯ ಸುತ್ತ ಮೂರು ಜೊತೆ ಮೀಸೆಗಳು ಸ್ಪಷ್ಟವಾಗಿ ಕಾಣುತ್ತವೆ. ಮೊದಲಿನವುಗಳಿಗೂ ಮೀಸೆಗಳುಂಟು, ಆದರೆ ಗಿಡ್ಡ. ಸಂದೇಹ ಬಂದಾಗ ಎದೆಯ ರೆಕ್ಕೆಯ ಮುಂಭಾಗವನ್ನು ಮಸೂರದಲ್ಲಿ ನೋಡಬೇಕು. ಕವಲೊಡೆಯದ ಕಡ್ಡಿ ಒಂದೇ ಇದ್ದರೆ ಷಿಸ್ಟೂರಾದ ಕಡೆಯದು, ಎರಡು ಅಥವಾ ಹೆಚ್ಚಿದ್ದರೆ ಬಾಲಿಟೋರಾದ ಕಡೆಯದು. ಹಳ್ಳದ ನೀರು ತುಂಬಿದ ಗಾಜಿನ ಭರಣಿಯಲ್ಲಿ ಒಂದೆರಡು ನಿಮಿಷ ಇಟ್ಟು, ಚಿತ್ರ ತೆಗೆದು, ಹಿಡಿದ ಕಲ್ಲಿನ ಬಳಿಯೇ ಬಿಟ್ಟರೆ ಗುರುತಿಸುವ ಕೆಲಸ ಮುಗಿಯಿತು.

ಅಂಗಡಿಯಲ್ಲಿ ಕೊಳ್ಳುವವರಿಗೆ ಇನ್ನೊಂದು ಗುರುತು ಬೇಕು. ಅಲ್ಲಿ ಈ ಹೆಸರಿನಲ್ಲಿ ಸಿಗುವ ಮೀನುಗಳಲ್ಲಿ ಚೀನಾದ ಬ್ಯೂಫೋರ್ಟಿಯಾ, ವಿಯೆಟ್ನಾಮಿನ ಸೆವೆಲಿಯಾಗಳೂ ಇರುತ್ತವೆ. ಇವುಗಳ ಹೊಟ್ಟೆಯ ಎರಡು ರೆಕ್ಕೆಗಳು ಹಿಂದೆ ಕೂಡಿಕೊಂಡು ತಟ್ಟೆಯಂತಾಗಿವೆ. ಸಹ್ಯಾದ್ರಿಯ ಮೀನುಗಳಲ್ಲಿ ಅವು ಬೇರೆಬೇರೆಯಾಗಿಯೇ ಇವೆ. ಮೀನು ಗಾಜಿಗೆ ಅಂಟಿದಾಗ ಆಚೆ ಬದಿಯಿಂದ ನೋಡಿದರೆ ಇದು ತಿಳಿಯುತ್ತದೆ. ವ್ಯಾಪಾರಿಯ ಚೀಟಿಗಿಂತ ಮೀನಿನ ಹೊಟ್ಟೆ ಹೆಚ್ಚು ನಂಬಿಕಸ್ಥ. ಸೆವೆಲಿಯಾ ಲೀನಿಯೊಲೇಟಾ ಹವ್ಯಾಸಿಗಳ ತೊಟ್ಟಿಗಳಲ್ಲೇ ಮರಿಮಾಡುತ್ತದೆ. ಪೇಟೆಯಲ್ಲಿ ಸಾಕಲೇಬೇಕೆನ್ನುವವರು ತೊಟ್ಟಿಯಲ್ಲಿ ಹುಟ್ಟಿದ ಅಂಥ ಮರಿಗಳನ್ನು ಕೇಳಿ ಕೊಳ್ಳುವುದು ಲೇಸು. ಆದರೆ ಬೇಸರ ಬಂದಾಗ ಅವನ್ನು ಹಳ್ಳಕ್ಕೆ ಬಿಡುವುದು ದಯೆಯಲ್ಲ, ದ್ರೋಹ.

ಈ ಎಚ್ಚರಿಕೆಗೆ ಕಾರಣವಿದೆ. 2006ರಲ್ಲಿ ವಿಜ್ಞಾನಿಗಳು ವಿವರಿಸಿದ ಎರಡು ಷಿಸ್ಟೂರಾಗಳ ಹೆಸರುಗಳು ನಾಗೋಡಿಯೆನ್ಸಿಸ್ ಮತ್ತು ಶರಾವತಿಯೆನ್ಸಿಸ್. ಊರಿನ, ಹೊಳೆಯ ಹೆಸರನ್ನೇ ಹೊತ್ತಿರುವ ಇಂಥ ಮೀನುಗಳ ನೆಲೆ ಬಹಳ ಕಿರಿದು. ಒಂದು ಕಣಿವೆಯದನ್ನು ಹಿಡಿದು ಇನ್ನೊಂದು ಕಣಿವೆಗೆ ಬಿಡುವುದೂ ಸಲ್ಲದು. ಪಟ್ಟೆಪಟ್ಟೆಯ ಬೋಟಿಯಾ ಸ್ಟ್ರಯೇಟಾ ಇವುಗಳ ದೂರದ ನೆಂಟ. ಅದನ್ನು ಸಿ. ಆರ್. ನಾರಾಯಣರಾವ್ ಅವರು 1920ರಲ್ಲಿ ತೀರ್ಥಹಳ್ಳಿಯ ತುಂಗೆಯಿಂದ ವಿವರಿಸಿದರು. ಇಂದು ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. 2005ರಿಂದ 2012ರವರೆಗೆ ಭಾರತದಿಂದ ಹೊರದೇಶಗಳ ತೊಟ್ಟಿಗಳಿಗೆ ಹೋದ, ಅಪಾಯದಲ್ಲಿರುವ ಪ್ರಭೇದಗಳ ಮೀನುಗಳ ಸಂಖ್ಯೆ ಸುಮಾರು 15 ಲಕ್ಷ. ಅವುಗಳಲ್ಲಿ ಈ ಬೋಟಿಯಾ ಪ್ರಮುಖವಾದುದು. ಅಭಯಾರಣ್ಯದೊಳಗಿನ ಹಳ್ಳದಿಂದ ಅನುಮತಿಯಿಲ್ಲದೆ ಮೀನು ಹಿಡಿಯುವುದಂತೂ ಕಾನೂನಿಗೇ ವಿರುದ್ಧ.

ಇನ್ನು ತೊಟ್ಟಿಯ ವಿಚಾರ. 20 ಡಿಗ್ರಿ ಸೆಲ್ಸಿಯಸ್ ನೀರು ಪ್ರತಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಬಿಸಿಯಾದಷ್ಟೂ ನೀರಿನ ಕೊಡುವ ಶಕ್ತಿ ಕುಗ್ಗುತ್ತದೆ, ಮೀನಿನ ಬೇಡಿಕೆ ಏರುತ್ತದೆ. ಆದ್ದರಿಂದ ನೀರು 20ರಿಂದ 24 ಡಿಗ್ರಿಯೊಳಗೆ ಇರಬೇಕು, ಮತ್ತು ಸದಾ ಹರಿಯುತ್ತಿರಬೇಕು. ನೂರು ಲೀಟರಿನ ತೊಟ್ಟಿಗೆ ಗಂಟೆಗೆ ಸಾವಿರ ಲೀಟರಿಗಿಂತ ಕಡಿಮೆಯಿಲ್ಲದೆ ನೀರೆತ್ತುವ ಪಂಪು ಬೇಕು. ಪಂಪನ್ನು ಒಂದು ತುದಿಯಲ್ಲಿಟ್ಟು, ತಳದಲ್ಲಿ ಹಾಸಿದ ಕೊಳವೆಯ ಮೂಲಕ ಇನ್ನೊಂದು ತುದಿಯಿಂದ ನೀರನ್ನು ಎಳೆಯುವಂತೆ ಮಾಡಿದರೆ ಇಡೀ ತೊಟ್ಟಿ ಒಂದೇ ದಿಕ್ಕಿಗೆ ಹರಿಯುತ್ತದೆ. ಕೊಳವೆಯ ಬಾಯಿಗೆ ಸ್ಪಂಜು ಕಡ್ಡಾಯ. ತಳಕ್ಕೆ ಹೊಳೆಯಲ್ಲಿ ಸವೆದಂಥ ಉರುಟು ಕಲ್ಲುಗಳು. ನಾಚಿಕೆಯ ಈ ಮೀನಿಗೆ ಅಡಗಲು ಕಲ್ಲಿನ ಸಂದಿಗಳು ಇದ್ದಷ್ಟೂ ಅದು ಹೊರಗೆ ಕಾಣಿಸಿಕೊಳ್ಳುವುದು ಹೆಚ್ಚು. ಬಯಲಿನಲ್ಲಿಟ್ಟರೆ ಮೂಲೆ ಸೇರಿ ಬಡಕಲಾಗುತ್ತದೆ. ಒದ್ದೆ ಗಾಜನ್ನು ಏರಿ ಹೊರಬೀಳುವುದರಿಂದ ಮುಚ್ಚಳವೂ ಬೇಕು.

ಹೊಸ ತೊಟ್ಟಿಯಲ್ಲಿ ಮೀನು ಸಾಯುವುದು ಹೆಚ್ಚಾಗಿ ಹಸಿವಿನಿಂದ. ಕಲ್ಲಿನ ಮೇಲಿನ ಪಾಚಿಯ ತೆಳುಪದರ ಮತ್ತು ಅದರಲ್ಲಿ ನೆಲೆಸಿದ ಸಣ್ಣ ಹುಳಗಳೇ ಇದರ ಆಹಾರ. ಅಂಗಡಿಯ ಗುಳಿಗೆಯನ್ನು ಹಲವು ಮೀನುಗಳು ಮೂಸಿಯೂ ನೋಡುವುದಿಲ್ಲ. ಆದ್ದರಿಂದ ತೊಟ್ಟಿಯನ್ನು ತಿಂಗಳಿಗೂ ಹೆಚ್ಚು ಕಾಲ ಮೀನಿಲ್ಲದೆ ಓಡಿಸಿ, ಅಮೋನಿಯ ಮತ್ತು ನೈಟ್ರೈಟ್ ಇಲ್ಲವಾದುದನ್ನು ಪರೀಕ್ಷೆಯಿಂದ ಖಚಿತಪಡಿಸಿಕೊಂಡ ಮೇಲೆಯೇ ಮೀನನ್ನು ಬಿಡಬೇಕು. ಅಂಗಳದ ಬಿಸಿಲಿನಲ್ಲಿ ಒಂದು ಬೋಗುಣಿ ನೀರಿನಲ್ಲಿ ಕಲ್ಲುಗಳನ್ನು ಇಟ್ಟು, ಹಸಿರುಗಟ್ಟಿದವನ್ನು ತೊಟ್ಟಿಗೆ ಹಾಕಿ, ಮೀನು ಕೆರೆದು ಬೋಳಾದವನ್ನು ಮತ್ತೆ ಬಿಸಿಲಿಗಿಡುವುದು ಖರ್ಚಿಲ್ಲದ ಉಪಾಯ. ಕೊಟ್ಟಿಗೆಯಲ್ಲಿ ಹುಲ್ಲು ಹಾಕುವಷ್ಟೇ ನಿತ್ಯದ ಕೆಲಸ ಇದು.

ಗುಡ್ಡದ ಅಬ್ಬಿ ನೀರು ಹಗಲಿರುಳೂ ಮನೆಗೆ ಬರುವ ಮಲೆನಾಡಿನ ಮನೆಗಳಿಗೆ ಪಂಪೂ ಬೇಕಿಲ್ಲ. ಹಿತ್ತಿಲಿನ ನೆರಳಲ್ಲಿರುವ ಸಿಮೆಂಟ್ ತೊಟ್ಟಿಗೆ ಆ ನೀರನ್ನು ಹಾಯಿಸಿ, ಹೊರಹೋಗುವ ನೀರನ್ನು ತೋಟಕ್ಕೆ ಬಿಟ್ಟರೆ, ಮಳೆಗಾಲದಲ್ಲಿ ವಿದ್ಯುತ್ ಎರಡು ದಿನ ಹೋದರೂ ಮೀನಿಗೆ ತೊಂದರೆಯಿಲ್ಲ. ಪೇಟೆಯ ಗಾಜಿನ ತೊಟ್ಟಿಯಲ್ಲಾದರೆ ಪಂಪು ನಿಂತ ಕೆಲವೇ ಗಂಟೆಗಳಲ್ಲಿ ಮೀನು ಮೇಲಕ್ಕೆ ಬಂದು ಬಾಯಿ ಬಿಡತೊಡಗುತ್ತದೆ. ಅಲ್ಲಿ ಬ್ಯಾಟರಿಯ ಗಾಳಿಯಂತ್ರ ಇರಲೇಬೇಕು.

ಅಬ್ಬಿ ನೀರಿಗೆ ಇರುವ ಅಪಾಯ ಬೇರೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತವಿರುತ್ತದೆ. ಅದರಲ್ಲಿರುವ ತಾಮ್ರ ಮೀನಿನ ಕಿವಿರುಗಳನ್ನು ಕೆಡಿಸಿ, ದೇಹದ ಲವಣದ ಸಮತೋಲನವನ್ನು ಮುರಿಯುತ್ತದೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನಲ್ಲಿ ತಾಮ್ರದ ವಿಷ ಸ್ವಲ್ಪ ತಗ್ಗುತ್ತದೆ. ಮಲೆನಾಡಿನ ಹಳ್ಳಗಳದ್ದು ಮೆದು ನೀರು, ಅಲ್ಲಿ ಅದರ ವಿಷ ಪೂರ್ಣ. ಪಾಚಿಗೂ ತಾಮ್ರ ವಿಷವೇ, ಮೀನು ಉಳಿದರೂ ಮೇವು ಉಳಿಯದು. ಕೊಳೆರೋಗಕ್ಕೆ ಔಷಧಿ ಹೊಡೆಯದೆ ಇರಲಾಗದು, ಆ ಮಾತನ್ನು ರೈತರಿಗೆ ಹೇಳುವುದು ನ್ಯಾಯವೂ ಅಲ್ಲ. ಹಳ್ಳದ ದಂಡೆಯಲ್ಲಿ ದ್ರಾವಣ ಕಲಸುವುದನ್ನು, ಸಂಜೆ ಡ್ರಮ್ಮು ಮತ್ತು ಪೈಪುಗಳನ್ನು ಹರಿಯುವ ನೀರಿನಲ್ಲೇ ಜಾಲಿಸುವುದನ್ನು ನಿಲ್ಲಿಸಬಹುದು. ತೊಳೆದ ನೀರನ್ನು ಹಳ್ಳದಿಂದ ದೂರದ ಮಣ್ಣಿಗೆ ಚೆಲ್ಲಬಹುದು. ಮನೆಯಲ್ಲಿ ತೊಟ್ಟಿ ಇಟ್ಟವರು ಅಬ್ಬಿಯ ಮೇಲ್ಭಾಗದ ತೋಟದಲ್ಲಿ ಔಷಧಿ ಹೊಡೆಯುವ ದಿನವನ್ನು ಮೊದಲೇ ಕೇಳಿ ತಿಳಿದು, ಆ ದಿನ ಮತ್ತು ಅದರ ನಂತರದ ಮೊದಲ ದೊಡ್ಡ ಮಳೆ ಮುಗಿಯುವವರೆಗೆ ಪೈಪನ್ನು ತೊಟ್ಟಿಯಿಂದ ಹೊರಕ್ಕೆ ತಿರುಗಿಸಿ, ಗಾಳಿಯಂತ್ರವನ್ನು ಹಾಕಿಡುವುದು ಕ್ಷೇಮ.