ಮಾತ್ರೆಯ ನಡುವೆಯೂ ಮರಳುವ ಆತಂಕ



ಆತಂಕಕ್ಕೆಂದು ಖಿನ್ನತೆ ನಿವಾರಕ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ನೆಮ್ಮದಿಯಾಗಿದ್ದವರಿಗೂ ಒಂದು ಬೆಳಗ್ಗೆ ಏಳುತ್ತಲೇ ಎದೆ ಡವಡವ, ಅಂಗೈಯಲ್ಲಿ ಬೆವರು. ‘ಔಷಧಿಯೂ ಕೈಕೊಟ್ಟಿತೇ?’ ಎಂಬ ದಿಗಿಲು ಹಳೆಯ ದಿಗಿಲಿಗೆ ಜೊತೆಯಾಗುತ್ತದೆ.

ಅಷ್ಟಕ್ಕೇ ಎದೆಗುಂದಬೇಕಿಲ್ಲ. ಖಿನ್ನತೆ ನಿವಾರಕ ಮಾತ್ರೆ ಆತಂಕದ ಬಿರುಸನ್ನು ತಗ್ಗಿಸುತ್ತದೆಯೇ ಹೊರತು ಬದುಕಿನ ತಾಪತ್ರಯಗಳನ್ನಲ್ಲ. ನಿದ್ದೆಗೆಟ್ಟ ರಾತ್ರಿ, ಮದುವೆ ಮನೆಯ ಗಡಿಬಿಡಿಯಲ್ಲಿ ತಪ್ಪಿದ ಮಾತ್ರೆ, ಅತಿಯಾದ ಕಾಫಿ, ಥೈರಾಯ್ಡ್ ಏರುಪೇರು, ಸಾಲದ ಚಿಂತೆ, ಯಾವುದಾದರೂ ಆತಂಕವನ್ನು ಕೆಣಕಬಹುದು. ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂಬುದನ್ನು ವೈದ್ಯರು ಹೇಳಲಿ. ನಾವಾಗಿಯೇ ಒಂದು ಹೆಚ್ಚು ನುಂಗುವುದೂ ಬೇಡ, ತಟ್ಟನೆ ನಿಲ್ಲಿಸುವುದೂ ಬೇಡ. ಹಾಗೆ ನಿಲ್ಲಿಸಿದಾಗ ಬರುವ ತಲೆಸುತ್ತು, ಚಡಪಡಿಕೆಯನ್ನೇ ರೋಗ ಮರುಕಳಿಸಿತೆಂದು ಭಾವಿಸುವವರಿದ್ದಾರೆ. ಬದಲಿಸಿದ ಪ್ರಮಾಣ ಪೂರ್ತಿ ಫಲ ಕೊಡಲೂ ಕೆಲವು ವಾರ ಬೇಕು.

ಅಲ್ಲಿಯವರೆಗೆ? ಉಸಿರನ್ನು ನಿಧಾನವಾಗಿ ಹೊರಬಿಡಿ. ಹೆದರಿಕೆ ಇದ್ದಾಗಲೂ ಅಂಗಡಿಗೆ ಹೋಗಿ ಹಾಲು ತನ್ನಿ. ತಪ್ಪಿಸಿಕೊಂಡಷ್ಟೂ ಆತಂಕ ಕೊಬ್ಬುತ್ತದೆ. ಆಪ್ತಸಮಾಲೋಚನೆಯೂ ಚಿಕಿತ್ಸೆಯೇ. ತೀರಾ ಕಂಗೆಟ್ಟಾಗ, ಬದುಕೇ ಬೇಡವೆನಿಸಿದಾಗ 14416ಕ್ಕೆ ಕರೆ ಮಾಡಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆತಂಕ ಮರಳಿದ್ದು ನಿಮ್ಮ ಸೋಲಲ್ಲ. ಅದನ್ನು ವೈದ್ಯರಿಗೆ ಇವತ್ತೇ ತಿಳಿಸಿ.