ಮಕ್ಕಳ ಮೈಮೇಲೆ ಏಳುವ ಗುಳ್ಳೆಗಳು



ಮಗುವಿಗೆ ಜ್ವರ ಬಂದು ಮೈಮೇಲೆ ಏನಾದರೂ ಎದ್ದಿತೆಂದರೆ, ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಬಾಯಿಂದ ಹೊರಡುವ ಮಾತು ಒಂದೇ: 'ಅಮ್ಮ ಬಂದಿದ್ದಾಳೆ.' ಕೂಡಲೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುವರು. ಅಡಿಗೆಮನೆಯಲ್ಲಿ ಒಗ್ಗರಣೆ ನಿಲ್ಲುವುದು. ಔಷಧದ ಮಾತೆತ್ತಿದರೆ ಅಮ್ಮ ಮುನಿದಾಳೆಂಬ ಭಯ ಬೇರೆ. ಈ ಆಚಾರದಲ್ಲಿ ಒಳ್ಳೆಯದೇನೂ ಇಲ್ಲವೆಂದು ನಾನು ಹೇಳಲಾರೆ. ಬಾಗಿಲಿನ ಸೊಪ್ಪು, ಒಳಗೆ ಬರಬೇಡಿರೆಂದು ನೆರೆಯವರಿಗೆ ತಿಳಿಸುವ ಗುರುತೂ ಹೌದು. ಆದರೆ ಒಂದೇ ಹೆಸರಿನೊಳಗೆ ನಾಲ್ಕೈದು ಬೇನೆಗಳನ್ನು ಮುಚ್ಚಿಟ್ಟಾಗ, ತಾನಾಗಿ ವಾಸಿಯಾಗುವುದು ಯಾವುದು, ಮಗುವಿನ ಪ್ರಾಣಕ್ಕೆ ಎರವಾಗಬಹುದಾದುದು ಯಾವುದು ಎಂಬ ವಿವೇಚನೆಗೆ ಎಡೆಯಿಲ್ಲದಂತಾಗುವುದು. ನಾನು ವೈದ್ಯನಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳುವವನು. ಇಂದು ಹೇಳಹೊರಟಿರುವುದು ಚಿಕಿತ್ಸೆಯನ್ನಲ್ಲ, ಗುರುತುಗಳನ್ನು.

ಅಮ್ಮನೆಂಬ ಹೆಸರಿಗೆ ಮೊದಲ ಹಕ್ಕುಳ್ಳ ಸಿಡುಬು ಈಗ ಲೋಕದಲ್ಲಿಲ್ಲ. ಭಾರತದಲ್ಲಿ ಅದರ ಕೊನೆಯ ರೋಗಿಗಳು ಕಂಡುಬಂದದ್ದು 1975ರಲ್ಲಿ. ಅದು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ನಡುವಯಸ್ಸು ದಾಟಿದವರ ತೋಳಿನ ಮೇಲೆ ಮಾತ್ರ ಅದರ ನೆನಪಾಗಿ ಚುಚ್ಚಿಸಿದ ಕಲೆ ಉಳಿದಿದೆ. ಇಂದು ಅಮ್ಮನೆನ್ನಿಸಿಕೊಳ್ಳುವುದು ಬಹುಮಟ್ಟಿಗೆ ಸೀತಾಳೆ ಸಿಡುಬು, ಇಲ್ಲವೆ ದಡಾರ.

ಸೀತಾಳೆ ಸಿಡುಬನ್ನು ಗುರುತಿಸುವುದು ಕಷ್ಟವಲ್ಲ. ಇದರ ಗುಳ್ಳೆಯಲ್ಲಿ ನೀರಿರುತ್ತದೆ. ಮುಖಕ್ಕೂ ಮುಂಡಕ್ಕೂ ಹೆಚ್ಚು, ಕೈಕಾಲುಗಳಿಗೆ ಕಡಮೆ. ಗುಳ್ಳೆಗಳೆಲ್ಲ ಒಮ್ಮೆಗೇ ಏಳದೆ ತಂಡತಂಡವಾಗಿ ಏಳುವುದರಿಂದ, ಅಂಗೈಯಗಲದ ಜಾಗದಲ್ಲಿಯೇ ಒಂದು ಕಡೆ ಹೊಸ ದದ್ದು, ಒಂದು ಕಡೆ ನೀರು ತುಂಬಿದ ಗುಳ್ಳೆ, ಇನ್ನೊಂದು ಕಡೆ ಒಣಗಿದ ಹಕ್ಕಳೆ, ಮೂರನ್ನೂ ಕಾಣಬಹುದು. ನವೆ ಬಹಳ. ಹಕ್ಕಳೆ ಎಲ್ಲವೂ ಕಟ್ಟುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬಾರದು. ಜ್ವರಕ್ಕೆಂದು ಆಸ್ಪಿರಿನ್ ಮಾತ್ರೆಯನ್ನು ಮಾತ್ರ ಕೊಡಲೇಬಾರದು. ಅದರಿಂದ ಮೆದುಳಿಗೂ ಯಕೃತ್ತಿಗೂ ಅಪರೂಪವಾದರೂ ಘೋರವಾದ ಕೇಡು ಒದಗಬಹುದು.

ಇಂಗ್ಲಿಷ್ ಗ್ರಂಥಗಳು ಈ ಗುಳ್ಳೆಯನ್ನು ಗುಲಾಬಿಯ ಎಸಳಿನ ಮೇಲಣ ಹನಿಗೆ ಹೋಲಿಸುತ್ತವೆ. ಹೋಲಿಕೆ ಸೊಗಸಾದುದೇ, ಆದರೆ ಆ ಎಸಳು ಬಿಳಿಯ ಮಗುವಿನ ಚರ್ಮ. ದದ್ದು ಕೆಂಪಗಿರುವುದೆಂದು ಓದಿಕೊಂಡು ನಮ್ಮ ಕಪ್ಪು ಮಗುವಿನ ಮೈಯಲ್ಲಿ ಕೆಂಪನ್ನು ಹುಡುಕಿದರೆ ಅದು ಕಾಣದೆಯೇ ಹೋಗಬಹುದು. ಹಗಲಿನ ಬೆಳಕಿನಲ್ಲಿ ನೋಡಬೇಕು. ಕೈಯಾಡಿಸಿ ಚರ್ಮ ತರಿತರಿಯಾಗಿದೆಯೇ ಎಂದು ತಿಳಿಯಬೇಕು. ಕಣ್ಣು, ಬಾಯಿಯ ಒಳಭಾಗ, ಅಂಗೈ, ಅಂಗಾಲುಗಳನ್ನು ಬಿಡದೆ ಪರೀಕ್ಷಿಸಬೇಕು.

ಈ ಎಚ್ಚರಿಕೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ದಡಾರಕ್ಕೆ. ಉತ್ತರದ ಜಿಲ್ಲೆಗಳವರು ಗೊಬ್ಬರವೆನ್ನುವುದೂ ಇದನ್ನೇ. ಇಲ್ಲಿ ದದ್ದಿಗೆ ಮುಂಚೆ ಮೂರು ನಾಲ್ಕು ದಿನ ಜೋರಾದ ಜ್ವರ, ಕೆಮ್ಮು, ಸುರಿಯುವ ಮೂಗು, ಬೆಳಕನ್ನು ಸಹಿಸದ ಕೆಂಗಣ್ಣು. ಆಗ ಮಗುವಿನ ಬಾಯಿ ತೆರೆಯಿಸಿ, ದವಡೆಹಲ್ಲುಗಳಿಗೆ ಎದುರಾದ ಕೆನ್ನೆಯ ಒಳಮೈಯನ್ನು ನೋಡಿದರೆ ರವೆಯ ಕಾಳು ಚೆಲ್ಲಿದಂತೆ ಬಿಳಿಯ ಚುಕ್ಕೆಗಳು ಕಾಣಬಹುದು. ನ್ಯೂಯಾರ್ಕಿನ ಮಕ್ಕಳ ವೈದ್ಯರಾದ ಹೆನ್ರಿ ಕಾಪ್ಲಿಕ್ ಅವರು 1896ರಲ್ಲಿ ಇವನ್ನು ವರ್ಣಿಸಿದರು. ಆ ಬಳಿಕ ದದ್ದು ಕಿವಿಯ ಹಿಂದೆಯೂ ಹಣೆಯ ಕೂದಲಂಚಿನಲ್ಲಿಯೂ ಮೊದಲಾಗಿ ಮುಖ, ಎದೆ, ಹೊಟ್ಟೆ, ಕಾಲುಗಳೆಂದು ಮೇಲಿನಿಂದ ಕೆಳಗಿಳಿಯುವುದು. ಅದರಲ್ಲಿ ನೀರಿರುವುದಿಲ್ಲ.

ದಡಾರದಲ್ಲಿ ಮಕ್ಕಳು ಸಾಯುವುದು ದದ್ದಿನಿಂದಲ್ಲ. ಹೆಚ್ಚಾಗಿ ಅದರ ಬೆನ್ನಲ್ಲೇ ಬರುವ ನ್ಯುಮೋನಿಯಾದಿಂದ. ಮೈ ಸೊರಗಿದ ಮಕ್ಕಳಲ್ಲಿ ಕಣ್ಣು ಹೋಗುವುದೂ ಉಂಟು. ಅದಕ್ಕಾಗಿಯೇ ವೈದ್ಯರು ಎರಡು ದಿನ ಎ ಜೀವಸತ್ತ್ವವನ್ನು ಕುಡಿಸುವರು. ದದ್ದು ಮಾಸಿದ ಮೇಲೂ ತಿಂಗಳುಗಟ್ಟಲೆ ಮಗುವಿನ ರೋಗನಿರೋಧಶಕ್ತಿ ಕುಂದಿರುತ್ತದೆ. ಮೂರು ದಿನ ಕಳೆಯಲಿ, ಅಮ್ಮ ಇಳಿಯಲಿ ಎಂದು ಕಾಯುವ ಮನೆಯಲ್ಲಿ ಕಳೆದುಹೋಗುವುದು ಈ ಮೂರು ದಿನಗಳೇ.

ಉಳಿದವುಗಳನ್ನು ಚುಟುಕಾಗಿ ಹೇಳುತ್ತೇನೆ. ಎರಡು ವರ್ಷದೊಳಗಿನ ಕೂಸಿಗೆ ಮೂರು ದಿನ ಕಾದ ಜ್ವರ ಥಟ್ಟನೆ ಇಳಿದು, ಇಳಿದ ಮೇಲೆ ದದ್ದು ಎದ್ದರೆ ಅದು ರೋಸಿಯೋಲ, ಗಾಬರಿಗೆ ಕಾರಣವಿಲ್ಲ. ಬಾಯಲ್ಲಿ ಹುಣ್ಣು, ಅಂಗೈ ಅಂಗಾಲುಗಳಲ್ಲಿ ಗುಳ್ಳೆ ಕಂಡರೆ ಕೈಕಾಲುಬಾಯಿ ರೋಗ; ನೋವಿನಿಂದ ಮಗು ನೀರು ಕುಡಿಯದಿರುವುದೇ ಅಲ್ಲಿನ ಚಿಂತೆ. ರುಬೆಲ್ಲಾ ದಡಾರದ ತಂಗಿಯಂತೆ ತೋರುವುದು: ಅಲ್ಪ ಜ್ವರ, ಕಿವಿಯ ಹಿಂದೆ ಊದಿದ ಗಂಟು, ಮೂರು ದಿನದ ದದ್ದು. ಮಗುವಿಗೆ ಅದು ಅಷ್ಟಾಗಿ ಬಾಧಕವಲ್ಲ. ಬಸುರಿಗೆ ತಗಲಿದರೆ ಗರ್ಭದ ಶಿಶುವಿಗೆ ಮಹಾ ಬಾಧಕ. ಹುಟ್ಟುಗುರುಡಿಗೂ ಇದಕ್ಕೂ ಇರುವ ನಂಟನ್ನು ಆಸ್ಟ್ರೇಲಿಯದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ ತೋರಿಸಿದರು.

ದದ್ದಿನ ಮೇಲೆ ಗಾಜಿನ ಲೋಟವನ್ನು ಒತ್ತಿ ಹಿಡಿದಾಗ ಬಣ್ಣ ಮಾಸದೆ ಹಾಗೆಯೇ ಉಳಿದರೆ, ಅದು ಚರ್ಮದೊಳಗೆ ಜಿನುಗಿದ ರಕ್ತ. ಆಗ ಯಾವ ಹೆಸರನ್ನೂ ಯೋಚಿಸುತ್ತ ಕೂರದೆ ಮಗುವನ್ನೆತ್ತಿಕೊಂಡು ಹೊರಡಬೇಕು. ಉಸಿರು ವೇಗವಾಗಿ ಪಕ್ಕೆ ಸೆಳೆದರೂ, ಫಿಟ್ಸು ಬಂದರೂ, ಮಗು ಮಂಪರಿನಿಂದ ಏಳದಿದ್ದರೂ ಹಾಗೆಯೇ.

ದಡಾರಕ್ಕೂ ರುಬೆಲ್ಲಾಕ್ಕೂ ಒಂದೇ ಸೂಜಿಯ ಲಸಿಕೆಯುಂಟು. ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ. 2017ರಲ್ಲಿ ಈ ಲಸಿಕೆಯ ಅಭಿಯಾನವನ್ನು ಮೊದಲಿಗೆ ಕೈಗೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಲಸಿಕೆಯಾಗದ ಮಗುವಿಗೆ ದಡಾರವೆಂದು ಸಂದೇಹ ಬಂದರೆ, ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರ ನಡುವೆ ಕೂರಿಸದೆ, ಹೊರಗಿನಿಂದಲೇ ಮೊದಲು ತಿಳಿಸಿರಿ. ರೋಗಿ ಎದ್ದುಹೋದ ಮೇಲೂ ಆ ವೈರಸ್ ಎರಡು ಗಂಟೆಯವರೆಗೆ ಗಾಳಿಯಲ್ಲಿ ಉಳಿಯಬಲ್ಲದು. ಆ ಪಡಸಾಲೆಯಲ್ಲಿ ಬಸುರಿಯರೂ, ಒಂಬತ್ತು ತಿಂಗಳು ತುಂಬದ ಕೂಸುಗಳೂ ಇರುತ್ತಾರೆ.