ಹೊಸ ಅಧ್ಯಾಪಕರಿಗೆ ಹಿರಿಯರ ಒತ್ತಾಸೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಅಧ್ಯಾಪಕರ ಸಮಾವೇಶದಲ್ಲಿ ಮಾಡಿದ ಭಾಷಣ)



ದೇವಾಲಯದ ನೂರು ವರ್ಷಗಳ ಹರ್ಷದಲ್ಲಿ ಅದರ ಮಗ್ಗುಲಲ್ಲಿರುವ ಶಾಲೆಯನ್ನೂ ನೆನೆಯುತ್ತಿರುವುದು ಉಚಿತವಾಗಿದೆ. ಶಾಲೆಯ ಕಟ್ಟಡಕ್ಕೆ ನಮ್ಮ ಹಿರಿಯರು ಕಲ್ಲು, ಮರ, ಹಂಚುಗಳನ್ನು ಹೊತ್ತು ತಂದರು. ಆದರೆ ಅಲ್ಲಿಗೆ ಹೊಸದಾಗಿ ಬರುವ ಅಧ್ಯಾಪಕರಿಗೆ ನಾವು ಏನನ್ನು ಕೊಡುತ್ತಿದ್ದೇವೆ?

ಈ ಪ್ರಶ್ನೆಯನ್ನು ಕೇಳುವ ಮುನ್ನ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ಬೇರೊಂದು ಊರಿನ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಆಗತಾನೆ ತರಬೇತಿ ಮುಗಿಸಿ ಬಂದ ಯುವತಿಯೊಬ್ಬಳಿಗೆ, ಯಾರೂ ಒಪ್ಪದಿದ್ದ ಅರವತ್ತು ಮಕ್ಕಳ ತರಗತಿಯನ್ನು ವಹಿಸಿದೆ. ಮೂರು ಸಲ ಬಾಗಿಲಲ್ಲಿ ನಿಂತು ಆಕೆಯ ಕುಂದುಗಳನ್ನು ಬರೆದುಕೊಂಡು ಆಡಳಿತ ಮಂಡಳಿಗೆ ಒಪ್ಪಿಸಿದೆ. ಒಂದು ದಿನವಾದರೂ ಒಳಗೆ ಹೋಗಿ ಕುಳಿತವನಲ್ಲ. ಕ್ರಿಸ್ಮಸ್ ರಜೆಗೆ ಮುಂಚೆಯೇ ಆಕೆ ರಾಜೀನಾಮೆ ಕೊಟ್ಟಳು. ಹೊರಡುವಾಗ, “ಸರ್, ನನ್ನ ತಪ್ಪುಗಳು ನನಗೂ ತಿಳಿದಿದ್ದವು. ತಿದ್ದಿಕೊಳ್ಳುವುದು ಹೇಗೆಂದು ಯಾರನ್ನು ಕೇಳಬೇಕಿತ್ತು?” ಎಂದಳು. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಆ ಉತ್ತರ ನನಗೆ ದೊರೆತದ್ದು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರ ಜೀವನದಲ್ಲಿ. 1651ರಲ್ಲಿ ಫ್ರಾನ್ಸಿನ ರ್‍ಯಾನ್ಸ್ ನಗರದ ಸಿರಿವಂತ ಮನೆತನದಲ್ಲಿ ಜನಿಸಿದ ಇವರು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಆದಾಯವುಳ್ಳ ಪದವಿಯಲ್ಲಿದ್ದರು. ಬಡಮಕ್ಕಳಿಗೆ ಕಲಿಸುತ್ತಿದ್ದ ಅನನುಭವಿ ಅಧ್ಯಾಪಕರನ್ನು 1681ರಲ್ಲಿ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ನಾಳಿನ ಚಿಂತೆ ಬಿಟ್ಟು ದೇವರನ್ನು ನಂಬಿರೆಂದು ಇವರು ಬೋಧಿಸಿದಾಗ, ಆ ಅಧ್ಯಾಪಕರು ಸುಮ್ಮನಿರಲಿಲ್ಲ. ಶಾಲೆ ಮುಚ್ಚಿದರೂ ತಮಗೆ ಆಸ್ತಿಯಿದೆ, ಪದವಿಯಿದೆ. ಬೀದಿ ಪಾಲಾಗುವವರು ನಾವು ಎಂದು ನೇರವಾಗಿ ನುಡಿದರು. ದ ಲಾ ಸಾಲ್ ಕೋಪಿಸಿಕೊಳ್ಳಲಿಲ್ಲ. 1683ರಲ್ಲಿ ಆ ಪದವಿಯನ್ನು ತ್ಯಜಿಸಿದರು. ಮುಂದೆ ಕ್ಷಾಮ ಬಂದಾಗ ಆಸ್ತಿಯನ್ನು ಬಡವರಿಗೆ ಹಂಚಿದರು. ಅವರ ಶಾಲೆಗಳ ಕೈಪಿಡಿಯಲ್ಲಿ ಹೊಸಬರನ್ನು ತರಬೇತುಗೊಳಿಸುವ ಬಗೆಗೇ ಒಂದು ಭಾಗವಿದೆ. ಹೊಸ ಅಧ್ಯಾಪಕನು ಬಿಡಬೇಕಾದ ದೋಷಗಳಲ್ಲಿ ಅತಿಮಾತು ಮತ್ತು ಒರಟುತನಗಳನ್ನೂ ಅದು ಹೆಸರಿಸುತ್ತದೆ. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಈ ಸಂತರನ್ನು ಅಧ್ಯಾಪಕರ ಪಾಲಕರೆಂದು ಘೋಷಿಸಿದರು.

ಇದರಿಂದ ನಾವು ಕಲಿಯಬೇಕಾದದ್ದೇನು? ಮೇಲೆ ನಿಂತವನು ತಪ್ಪನ್ನು ತೋರಿಸಬಲ್ಲನು; ಪಕ್ಕದಲ್ಲಿ ನಿಂತವನು ಮಾತ್ರ ದಾರಿಯನ್ನು ತೋರಿಸಬಲ್ಲನು.

ಹಿರಿಯ ಅಧ್ಯಾಪಕರಲ್ಲಿ ನನ್ನ ಕೆಲವು ವಿನಂತಿಗಳಿವೆ. ಮೊದಲು ನೀವು ಪಾಠ ಮಾಡಿ, ಹೊಸಬರು ನೋಡಲಿ. ನಿಮ್ಮ ಪಾಠವೂ ಕೆಲವೊಮ್ಮೆ ಕೆಡುತ್ತದೆಂಬುದು ಅವರಿಗೆ ತಿಳಿದರೆ ನಷ್ಟವಿಲ್ಲ. ಆಮೇಲೆ ಅವರ ಪಾಠಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಪ್ರಶ್ನೆ ಕೇಳುವ ಕ್ರಮವೋ, ಕರಿಹಲಗೆಯ ಬಳಕೆಯೋ, ಯಾವುದಾದರೂ ಒಂದೇ ವಿಷಯವನ್ನು ಮುಂಚಿತವಾಗಿ ಒಪ್ಪಿಕೊಂಡು ಅದನ್ನು ಮಾತ್ರ ಗಮನಿಸಿ. ಅಂದೇ ಸಂಜೆ, ಮಕ್ಕಳೂ ಸಹೋದ್ಯೋಗಿಗಳೂ ಇಲ್ಲದ ಕಡೆ ಮಾತನಾಡಿ. “ಪಾಠ ನಿಮಗೆ ಹೇಗೆನಿಸಿತು?” ಎಂಬ ಪ್ರಶ್ನೆಯಿಂದ ಆರಂಭಿಸಿ, ಪೂರ್ತಿ ಕೇಳಿಸಿಕೊಳ್ಳಿ. ಅವರು ನಂಬಿಕೆಯಿಂದ ಹೇಳಿಕೊಂಡ ಕಷ್ಟ ಆಡಳಿತ ಮಂಡಳಿಯ ಕಡತವನ್ನು ಸೇರದಿರಲಿ. ಪರೀಕ್ಷಕರೂ ಜತೆಗಾರರೂ ಒಬ್ಬರೇ ಆದರೆ, ಕಷ್ಟವನ್ನು ಬಚ್ಚಿಡುವುದೇ ಕಿರಿಯರಿಗೆ ಕ್ಷೇಮವಾಗಿ ಕಾಣುತ್ತದೆ. ಮುಖ್ಯೋಪಾಧ್ಯಾಯರೂ ಅತಿ ಕಠಿಣವಾದ ತರಗತಿಯನ್ನು ಹೊಸಬರ ಹೆಗಲಿಗೆ ಏರಿಸದಿರಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗೆ ಮಾರ್ಗದರ್ಶನ ನೀಡಲು ಹಿರಿಯರ ಹಾಗೂ ನಿವೃತ್ತರ ನೆರವನ್ನು ಪಡೆಯಬೇಕೆಂದು ಸೂಚಿಸಿದೆ. ಚಿಕ್ಕ ಶಾಲೆಗಳಿಗೂ ಆ ನೆರವು ಬೇಡವೇ? ಈ ಸಭೆಯಲ್ಲಿಯೇ ನಿವೃತ್ತ ಅಧ್ಯಾಪಕರು ಅನೇಕರಿದ್ದೀರಿ. ವಾರಕ್ಕೆ ಒಂದು ಗಂಟೆಯನ್ನು ನಮ್ಮ ಶಾಲೆಯ ಕಿರಿಯರಿಗಾಗಿ ಮೀಸಲಿಡಲಾರಿರಾ? ಪೋಷಕರೇ, ಹೊಸ ಟೀಚರನ್ನು ಹಳೆಯ ಟೀಚರಿಗೆ ಹೋಲಿಸಿ ಮಕ್ಕಳ ಎದುರಿನಲ್ಲಿ ಹಗುರವಾಗಿ ಮಾತನಾಡದಿರುವುದೂ ಒಂದು ನೆರವೇ.

ಅಂದು ಶಾಲೆ ಬಿಟ್ಟು ಹೋದ ಆ ಮಗಳಿಗೆ ನಾನು ಕೊಡಬೇಕಾಗಿದ್ದ ಗಂಟೆಗಳನ್ನು ಇನ್ನು ಮರಳಿಸಲಾರೆ. ಮುಂದಿನ ಸೋಮವಾರದಿಂದ ಆ ಹಿಂದಿನ ಬೆಂಚಿನಲ್ಲಿ ನನಗೊಂದು ಸ್ಥಳ ಕೊಡಬೇಕೆಂದು ಶಾಲೆಯ ಮುಖ್ಯಸ್ಥರಲ್ಲಿ ಬೇಡಿಕೊಂಡು, ನನ್ನ ಮಾತುಗಳನ್ನು ಮುಗಿಸುತ್ತೇನೆ.